ಮಾಪುಸಾ ಸಂತೆಯಿಂದ ಮೈಸೂರಿಗೆ ಏನು ತರಬೇಕು, ಏನು ಬಿಟ್ಟು ಬರಬೇಕು

ಮೈಸೂರು, ಮಂಡ್ಯ ಕಡೆಯಿಂದ ಕಾರು ಮಾಡಿಕೊಂಡು ಗೋವಾಕ್ಕೆ ಬರುವ ಗಿಡದ ಹುಚ್ಚಿನವರು ಶುಕ್ರವಾರ ಮಾಪುಸಾ ಸಂತೆಗೆ ಇಳಿಯದೆ ಹೋಗುವುದಿಲ್ಲ. ಇಳಿದವರಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಹೂ ಬಿಟ್ಟು ನಿಂತ ಗಿಡ ಆರಿಸಿ, ಡಿಕ್ಕಿಗೆ ತುರುಕಿ, ಆರುನೂರು ಕಿಲೋಮೀಟರ್ ಹೊತ್ತುಕೊಂಡು ಹೋಗಿ, ಊರಲ್ಲಿ ಒಣಗಿಸುವುದು. ಗೋವಾದಲ್ಲಿ ನೆಲೆಸಿದ ಮೈಸೂರಿನವನಾಗಿ ನನ್ನ ಅನಿಸಿಕೆ ಇಷ್ಟೇ: ಈ ಸಂತೆಯಿಂದ ಬೀಜ, ಗೆಡ್ಡೆ, ಕಾಂಡದ ತುಂಡು ತಗೊಂಡು ಹೋಗಿ. ಮಣ್ಣಿನ ಸಮೇತ ಬರುವ ಗಿಡವನ್ನು ಆದಷ್ಟು ಇಲ್ಲೇ ಬಿಡಿ.

ಎರಡೂ ಕಡೆಯ ಮಾರಾಟದ ರೀತಿಯೇ ಬೇರೆ. ಮೈಸೂರಿನಲ್ಲಿ ಗಿಡ ಬೇಕೆಂದರೆ ರಸ್ತೆ ಬದಿಯ ನರ್ಸರಿ, ಇಲ್ಲವೇ ಬೀದಿಗೇ ಬರುವ ಟೆಂಪೋ. ಆಂಧ್ರದ ನರ್ಸರಿ ಊರು ಕಡಿಯಂ ಕಡೆಯ ಗುಲಾಬಿ ವರ್ಷ ಪೂರ್ತಿ ಸಿಗುತ್ತದೆ. ಯಾವ ತಿಂಗಳು ಕೇಳಿದರೂ 'ಈಗಲೇ ನೆಡಿ ಸಾರ್' ಅನ್ನುತ್ತಾರೆ. ಮಾಪುಸಾದಲ್ಲಿ ನೆಲಕ್ಕೆ ಗೋಣಿ ಹಾಸಿ ಕೂರುವ ಹಳ್ಳಿಯ ಹೆಂಗಸರು ತಮ್ಮ ಹಿತ್ತಲಲ್ಲಿ ಇದ್ದದ್ದನ್ನು ತರುತ್ತಾರೆ. ಮೇ ತಿಂಗಳಲ್ಲಿ ಬೀಜ, ಅರಿಶಿನ, ಸುವರ್ಣಗೆಡ್ಡೆ. ಮಳೆ ಬಿದ್ದ ಮೇಲೆ ಬದನೆ, ಮೆಣಸಿನ ಪೈರಿನ ಕಟ್ಟು, ತೆಂಗಿನ ಸಸಿ. ಡಿಸೆಂಬರಿನಲ್ಲಿ ಬಂದು ಬಿತ್ತನೆ ಬೀಜ ಕೇಳಿದರೆ 'ಆಮೇಲೆ ಬನ್ನಿ' ಅನ್ನುವವರೇ ಹೆಚ್ಚು. ಈ ಸಂತೆಯಲ್ಲಿ ನನಗೆ ತುಂಬ ಹಿಡಿಸುವುದು ಇದೇ.

ಒಂದು ಎಚ್ಚರಿಕೆ. ಸಂತೆಯಲ್ಲಿ ಕನ್ನಡ ಕಿವಿಗೆ ಬಿತ್ತೆಂದು ಹಿಗ್ಗಿ ಅಲ್ಲೇ ಚೀಲ ತುಂಬಿಸಬೇಡಿ. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ವ್ಯಾಪಾರಕ್ಕೆ ಕೂತವರು ಬಹಳ ಮಂದಿ, ಗೋವಾದ ತರಕಾರಿಯಲ್ಲಿ ದೊಡ್ಡ ಪಾಲು ಬರುವುದೇ ಬೆಳಗಾವಿಯಿಂದ. 'ಅಕ್ಕಾ, ಇದು ಗಾಂವ್ಟಿನೋ ಬೆಳಗಾವಿದೋ?' ಎಂದು ಕೇಳಿ. ಗಾಂವ್ಟಿ ಅಂದರೆ ಊರಿನದು, ನಾಟಿ. ಹಾಗೆ ಕೇಳಿದರೆ ನಿಜ ಹೇಳುತ್ತಾರೆ. ಕೊಂಕಣಿಯವರನ್ನು 'ಮಾವಶಿ' (ಚಿಕ್ಕಮ್ಮ) ಎಂದು ಮಾತಾಡಿಸಿದರೆ ಸಾಕು.

ತರಬೇಕಾದ್ದರಲ್ಲಿ ಮೊದಲನೆಯದು ಏಳು ಏಣಿನ ಬೆಂಡೆಯ ಬೀಜ. ನಮ್ಮ ಹೈಬ್ರಿಡ್ ಬೆಂಡೆಗೆ ಐದೇ ಏಣು. ಗೋವಾದ ಸಾಂತ್ ಎಸ್ತೆವಾಂ ದ್ವೀಪದ ಈ ತಳಿ ತಿಳಿ ಹಸಿರು, ಉದ್ದ. ರಾತ್ರಿ ನೆನೆಹಾಕಿ ಜೂನ್‌ನಲ್ಲಿ ಬಿತ್ತಿ. ಸಾಲಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದಡಿ. ಬೇಸಿಗೆಗೆ ಬಿತ್ತಿದರೆ ಬಿಳಿನೊಣ ಹತ್ತಿ ಎಲೆಯ ನರ ಹಳದಿಯಾಗುವ ನಂಜು ರೋಗ ಬರುತ್ತದೆ. ಹಳೇ ತಳಿಗೆ ಅದನ್ನು ತಡೆಯುವ ಶಕ್ತಿ ಇಲ್ಲ, ರೋಗ ಬಂದ ಗಿಡವನ್ನು ಕಿತ್ತು ಸುಡುವುದೇ ದಾರಿ. ಪಕ್ಕದ ಮಡಿಯಲ್ಲಿ ಹೈಬ್ರಿಡ್ ಇದ್ದರೆ ಜೇನುನೊಣ ಪರಾಗ ಬೆರೆಸಿಬಿಡುತ್ತದೆ. ಬೀಜಕ್ಕೆಂದು ಬಿಡುವ ಹೂವಿನ ಮೊಗ್ಗಿಗೆ ಹಿಂದಿನ ಸಂಜೆಯೇ ಕಾಗದದ ಚೀಲ ಕಟ್ಟಿ. ಬೆಂಡೆ ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ.

ದಕ್ಷಿಣ ಗೋವಾದ ಕಾಣಕೋಣದ ಬೆಟ್ಟದ ಇಳಿಜಾರಿನ ಖೋಲಾ ಮೆಣಸಿನಕಾಯಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ. ಅದರ ಬೀಜ ಬೇಕಿದ್ದರೆ ತೊಟ್ಟಿನ ಸಮೇತ ಇಡೀ ಒಣಕಾಯಿ ಕೊಳ್ಳಿ, ಅದೂ ಆ ವರ್ಷದ್ದು. ಬಿಡಿ ಬೀಜ ಎಷ್ಟು ಹಳೆಯದೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಮೆಣಸಿನ ಬೀಜಕ್ಕೆ ಒಂದೆರಡು ವರ್ಷದ ಮೇಲೆ ಮೊಳಕೆ ಬಲ ಇರುವುದಿಲ್ಲ. ಇಪ್ಪತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ಎರಡು ವಾರದಲ್ಲಿ ಹನ್ನೆರಡಕ್ಕಿಂತ ಕಡಿಮೆ ಮೊಳೆತರೆ ಬಿತ್ತನೆಗೆ ಬೇಡ, ಸಾರಿನ ಪುಡಿಗೆ ಹಾಕಿ.

ಬಸಳೆ ಇನ್ನೂ ಸುಲಭ. ಅಡುಗೆಗೆಂದು ಮಾರುವ ಕಟ್ಟಿನಲ್ಲೇ ಹೆಬ್ಬೆರಳು ದಪ್ಪದ ಕಾಂಡ ಆರಿಸಿ, ನಾಲ್ಕು ಗಿಣ್ಣು ಬರುವಂತೆ ಕತ್ತರಿಸಿ, ಎಲೆ ತೆಗೆದು, ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ನೆಡಿ. ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ಎರಡು ದಿನದ ಪ್ರಯಾಣಕ್ಕೂ ಬಾಡದು. ಸುವರ್ಣಗೆಡ್ಡೆಯಾದರೆ ನಡುವಿನ ಕಣ್ಣಿನ ಒಂದು ಭಾಗ ಪ್ರತಿ ಹೋಳಿಗೂ ಬರುವಂತೆ ಅರ್ಧ ಕೆ.ಜಿ. ಹೋಳು ಮಾಡಿ, ಸಗಣಿ ಬಗ್ಗಡದಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ ನೆಡಿ. ಕಣ್ಣಿನ ಸುತ್ತ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟುತಿಗಣೆ, ಆ ಗೆಡ್ಡೆ ಬೇಡ. ಶುಂಠಿ ಮಾತ್ರ ಖಂಡಿತ ತರಬೇಡಿ, ಕೊಳೆ ರೋಗ ಗೆಡ್ಡೆಯೊಳಗೇ ಕೂತು ಬರುತ್ತದೆ.

ಬಾಳೆ ಕಂದಿನ ವಿಷಯದಲ್ಲಿ ನನ್ನದು ಹಟವೇ. ಮಾಪುಸಾ ಪಕ್ಕದ ಮೊಯ್ರಾ ಊರಿನ ಬಾಳೆಹಣ್ಣು ದಪ್ಪ, ರುಚಿ. ತಿಂದು ಬನ್ನಿ, ಕಂದು ತರಬೇಡಿ. ನಂಜನಗೂಡು ರಸಬಾಳೆಯನ್ನು ಮೂಲೆಗೆ ತಳ್ಳಿದ್ದು ಪನಾಮಾ ಸೊರಗು ರೋಗ. ಆ ರೋಗ ತರುವ ಶಿಲೀಂಧ್ರ ಕಂದಿನಲ್ಲಿ, ಅದಕ್ಕೆ ಮೆತ್ತಿದ ಹಿಡಿ ಮಣ್ಣಿನಲ್ಲಿ ಪ್ರಯಾಣ ಮಾಡುತ್ತದೆ, ಬಿದ್ದ ನೆಲದಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಬದನೆ ಪೈರಿನದೂ ಇದೇ ಕಥೆ. ಕರಾವಳಿಯ ಹುಳಿ ಮಣ್ಣಿನಲ್ಲಿ ದುಂಡಾಣು ಸೊರಗು ಸಾಮಾನ್ಯ. ಬೆಳಿಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನಕ್ಕೆ ಹಸಿರಾಗಿಯೇ ಜೋತುಬೀಳುತ್ತದೆ. ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ಇಳಿಬಿಟ್ಟರೆ ಹಾಲಿನ ಎಳೆಯಂತೆ ದುಂಡಾಣು ಇಳಿಯುವುದು ಕಾಣುತ್ತದೆ. ಈ ವಿಷಯದಲ್ಲಿ ಮಂಡ್ಯದ ಪ್ರೋಟ್ರೇ (ಗುಳಿ ಗುಳಿಯ ಪ್ಲಾಸ್ಟಿಕ್ ತಟ್ಟೆ) ನರ್ಸರಿಯವರೇ ಮುಂದು. ತೆಂಗಿನ ನಾರಿನ ಪುಡಿಯಲ್ಲಿ ಬೆಳೆಸುವುದರಿಂದ ಮಣ್ಣೇ ಇಲ್ಲ, ಮಣ್ಣಿನ ರೋಗಕ್ಕೆ ದಾರಿಯೂ ಇಲ್ಲ. ಗೋವಾದವರು ಇದನ್ನು ನಮ್ಮಿಂದ ಕಲಿಯಬಹುದು.

ಇಷ್ಟು ಹೇಳಿದರೂ ಗಿಡ ತರುವವರು ತಂದೇ ತರುತ್ತಾರೆ. ಮಾನಕುರಾದ್ ಮಾವಿನ ಕಸಿ ಗಿಡವಾದರೆ ಕೊಡಿಯ ಎಲೆ ನೋಡಬೇಡಿ, ಬುಡ ನೋಡಿ. ಮಣ್ಣಿಂದ ಗೇಣಿನಷ್ಟು ಮೇಲೆ ಕಸಿಯ ಗಂಟು ಸಿಗಬೇಕು. ಬೆರಳಾಡಿಸಿದರೆ ತೊಗಟೆಯ ಕೂಡುಗೆರೆ ತಿಳಿಯಬೇಕು. ಬರೀ ಓಟೆ ಸಸಿಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಕಸಿ ಎಂದು ಮಾರುವುದುಂಟು. ಪಟ್ಟಿ ಬಿಚ್ಚಿ ತೋರಿಸಲು ಹೇಳಿ, ಒಪ್ಪದಿದ್ದರೆ ಮುಂದೆ ನಡೆಯಿರಿ. ಗಂಟಿನ ಕೆಳಗೆ ಚಿಗುರಿದ್ದರೆ ಚಿವುಟಬೇಕು, ಇಲ್ಲದಿದ್ದರೆ ಕಾಡು ಮಾವೇ ಮೇಲೇರಿ ಕಸಿ ಕೊಂಬೆ ಸಾಯುತ್ತದೆ.

ಪ್ರಯಾಣದ ಹಿಂದಿನ ಸಂಜೆ ನೀರು ಹಾಕಿ. ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಎಲೆ ಬೆಂದುಹೋಗುತ್ತದೆ. ಊಟಕ್ಕೆ ನಿಲ್ಲುವಾಗ ನೆರಳು ಹುಡುಕಿ. ಮೇಲಿನ ಕ್ಯಾರಿಯರಿಗೆ ಕಟ್ಟಿದರೆ ಗಾಳಿಯೇ ಒಣಗಿಸುತ್ತದೆ, ಗೋಣಿ ಸುತ್ತಲೇಬೇಕು. ಊರು ಸೇರಿದ ದಿನವೇ ಕುಂಡ ಬದಲಿಸುವ ಆತುರ ಬೇಡ. ಮೂರು ಸಾವಿರ ಮಿ.ಮೀ. ಮಳೆಯ, ಸದಾ ತೇವದ ಗಾಳಿಯ ಊರಿನ ಗಿಡ ಎಂಟುನೂರು ಮಿ.ಮೀ. ಮಳೆಯ ಒಣ ಗಾಳಿಗೆ ಬಂದಿರುತ್ತದೆ. ಎರಡು ಮೂರು ವಾರ ಅರ್ಧ ನೆರಳಿನ ಬಲೆಯ ಕೆಳಗಿರಲಿ.

ಆಮೇಲೂ ಕೇಪಳ, ಕೋಕಂನಂಥ ಗಿಡದ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಗೊಬ್ಬರ ಸುರಿಯಬೇಡಿ. ಅದು ಕಬ್ಬಿಣದ ಕೊರತೆ. ಜಂಬಿಟ್ಟಿಗೆಯ ಹುಳಿ ಮಣ್ಣಿಗೆ ಒಗ್ಗಿದ ಬೇರಿಗೆ ನಾಲೆ ಬಯಲಿನ ಕ್ಷಾರ ಮಣ್ಣು, ಬೋರಿನ ಗಡಸು ನೀರು ಕಬ್ಬಿಣ ಹೀರಲು ಬಿಡುವುದಿಲ್ಲ. ಲೀಟರ್ ನೀರಿಗೆ ಐದು ಗ್ರಾಂ ಫೆರಸ್ ಸಲ್ಫೇಟ್, ಅರ್ಧ ನಿಂಬೆಹಣ್ಣಿನ ರಸ ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು ದಿನಕ್ಕೊಮ್ಮೆ ಮೂರು ಸಲ. ರಸ ಹಾಕಿದ ನೀರು ಅಂದೇ ಮುಗಿಸಿ, ಇಟ್ಟರೆ ಕೆಂಪಗಾಗಿ ಕೆಲಸಕ್ಕೆ ಬಾರದು. ಮೈಸೂರಿನಲ್ಲಿ ಕಾವೇರಿ ನಲ್ಲಿ ನೀರು ಸಿಗುವವರು ಬೋರ್ ನೀರನ್ನು ಈ ಗಿಡಗಳಿಗೆ ಮುಟ್ಟಿಸದಿದ್ದರೆ ಅರ್ಧ ತೊಂದರೆ ಕಡಿಮೆ. ಬೋರನ್ನೇ ನಂಬಿದವರು ಮಳೆನೀರಿಗೆ ಒಂದು ಡ್ರಮ್ ಇಡಿ, ಇಲ್ಲದಿದ್ದರೆ ಕೇಪಳದ ಆಸೆ ಬಿಡಿ.