ನಕ್ಷೆಯ ತುದಿಗೊಂದು ಅಣುಸ್ಥಾವರ

ರಾಜಧಾನಿ ತಿರುವನಂತಪುರದಿಂದ ಕೇರಳದ ಬಡಗಣ ತುದಿಯ ನಮ್ಮ ಕಾಸರಗೋಡು ಜಿಲ್ಲೆಗೆ ಐನೂರು ಕಿಲೋಮೀಟರಿಗೂ ಮಿಕ್ಕಿದ ದೂರ. ಉಳಿದ ದಿನಗಳಲ್ಲಿ ಕಡತಗಳಿಗೂ ಮಂತ್ರಿಗಳಿಗೂ ದಣಿವು ತರುವ ಈ ದೂರ, ಬೇರೆಲ್ಲೂ ಇಡಲಾಗದ ವಸ್ತುವೊಂದು ಕೈಗೆ ಬಂದ ಕೂಡಲೇ ಬಹಳ ಅನುಕೂಲವಾಗಿ ಕಾಣತೊಡಗುತ್ತದೆ. 2024ರಲ್ಲಿ ತಲಾ 220 ಮೆಗಾವ್ಯಾಟಿನ ಎರಡು ಅಣು ರಿಯಾಕ್ಟರುಗಳ ಮಾತು ಎದ್ದಾಗ ತೃಶೂರಿನ ಅದಿರಪ್ಪಳ್ಳಿಯ ಜತೆಗೆ ನಮ್ಮ ಜಿಲ್ಲೆಯ ಚೀಮೇನಿಯ ಹೆಸರೂ ಕೇಳಿಬಂತು. ಅದಿರಪ್ಪಳ್ಳಿಯಲ್ಲಿ ಜಲಪಾತವಿದೆ, ಅದನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಚೀಮೇನಿಯಲ್ಲಿರುವುದು ಮುರಕಲ್ಲಿನ ಪದವು, ಎಂದರೆ ಎತ್ತರದ ಬೋಳು ಬಯಲು; ಅದನ್ನು ನೋಡಲು ಬರುವವರು ಯೋಜನಾ ತಜ್ಞರು ಮಾತ್ರ. ಹಿಂದೆ ಕಲ್ಲಿದ್ದಲ ಸ್ಥಾವರಕ್ಕೆ ಜಾಗ ಹುಡುಕಿದಾಗಲೂ ಅವರಿಗೆ ಕಂಡದ್ದು ಇದೇ ಪದವು. ಕಲ್ಲಿದ್ದಲ ಹೊಗೆ ಭೂಮಿಗೆ ಕೇಡೆಂದು ಈಗ ಎಲ್ಲರಿಗೂ ಮನವರಿಕೆಯಾಗಿರುವುದರಿಂದ ಸರಕನ್ನು ಬದಲಿಸಿದ್ದಾರೆ; ವಿಳಾಸ ಬರೆದ ಲಕೋಟೆಯನ್ನು ವ್ಯರ್ಥ ಮಾಡಿಲ್ಲ.

ಕೇರಳದ ಕರಾವಳಿಯ ಮರಳಿನಲ್ಲಿ ಥೋರಿಯಂ ಇದೆ, ಅದೇ ನಮ್ಮ ನಾಳೆಯ ಇಂಧನ ಎಂಬ ಹೆಮ್ಮೆಯ ಮಾತೂ ಇದರ ನಡುವೆ ಸುಳಿದುಹೋಯಿತು. ಆ ಮರಳು ಹೇರಳವಾಗಿರುವುದು ಕೊಲ್ಲಂ ಜಿಲ್ಲೆಯ ಚವರದ ಸುತ್ತಮುತ್ತ. ಹೆಮ್ಮೆ ಅಲ್ಲಿರಲಿ, ಸ್ಥಾವರ ಇಲ್ಲಿರಲಿ ಎಂಬ ಈ ಪಾಲುಪಟ್ಟಿಯನ್ನು ಬರೆದವರು ಯಾವ ತರವಾಡಿನ ಹಿರಿಯರೋ ತಿಳಿಯದು.

ಅಣುವಿದ್ಯುತ್ತನ್ನೇ ಹಳಿಯುವುದು ನ್ಯಾಯವಲ್ಲ. ಉರಿಸಿ ಹೊಗೆ ಬಿಡುವ ಕೆಲಸ ಅದಕ್ಕಿಲ್ಲ. ಮಳೆ ಕೈಕೊಟ್ಟರೂ ಸೂರ್ಯ ಮುಳುಗಿದರೂ ಅದು ನಡೆಯುತ್ತದೆ. ಕೈಗಾದ ಮೊದಲ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಒಂದೇ ಸಮನೆ ಓಡಿ ದಾಖಲೆ ಬರೆಯಿತು. ಆ ಕೈಗಾದಿಂದಲೂ ಕೂಡಂಕುಳದಿಂದಲೂ ಕೇರಳಕ್ಕೆ ಪಾಲು ಬರುತ್ತದೆ. ಹಾಗೆ ಬಂದ ಕರೆಂಟಿನಲ್ಲಿ ಮೈಕು ಹಾಕಿ, ಅಣುಶಕ್ತಿಯ ನೆರಳೂ ಈ ಮಣ್ಣಿನ ಮೇಲೆ ಬೀಳಕೂಡದೆಂದು ಭಾಷಣ ಮಾಡುವ ನಮ್ಮವರ ಧೈರ್ಯವನ್ನೂ ಮೆಚ್ಚಲೇಬೇಕು. ಆದರೆ 2024ರ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 5,000 ಮೆಗಾವ್ಯಾಟನ್ನು ದಾಟಿತ್ತು. ಈ 440 ಅದರ ಹತ್ತನೆಯ ಒಂದು ಪಾಲೂ ಅಲ್ಲ. ಮೇಲಾಗಿ ರಿಯಾಕ್ಟರಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲಷ್ಟೇ ವಿದ್ಯುತ್ತಾಗುತ್ತದೆ, ಮಿಕ್ಕದ್ದನ್ನು ನೀರಿಗೆ ದಾಟಿಸಬೇಕು. ಗುಡ್ಡದ ಹೊಟ್ಟೆಗೆ ಸುರಂಗ ತೋಡಿ, ಹನಿಹನಿಯಾಗಿ ಒಸರುವುದನ್ನು ಕೂಡಿಟ್ಟು ಅಡಿಕೆ ತೋಟಕ್ಕೆ ಬಿಡುವ ಜಿಲ್ಲೆಗೆ ಇಷ್ಟು ನೀರು ಕುಡಿಯುವ ಅತಿಥಿಯನ್ನು ಕರೆತರುವವರ ಔದಾರ್ಯ ದೊಡ್ಡದು.

ಸುರಕ್ಷತೆಯ ವಿಷಯದಲ್ಲಿ ಅಂಜಿಕೆ ಬೇಡವಂತೆ. ನಮಗೆ ಈ ವಾಕ್ಯದ ಪರಿಚಯ ಹಳೆಯದು. 2000ದ ವರೆಗೆ ಎರಡು ದಶಕಗಳ ಕಾಲ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರು ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದಾಗಲೂ ಅಂಜಿಕೆ ಬೇಡವಾಗಿತ್ತು. ಅದನ್ನು ನಾವು ಕರೆಯುತ್ತಿದ್ದದ್ದೂ 'ಮದ್ದು' ಎಂದೇ. ಆ ಮದ್ದಿನಿಂದ ಎದ್ದ ರೋಗಕ್ಕೆ ಮದ್ದು ಹುಡುಕಿಕೊಂಡು ಆ ತೋಟಗಳ ಬಳಿಯ ಪಡ್ರೆ ಎಂಬ ಊರಿನ ತಾಯಂದಿರು ಮಂಗಳೂರಿನ ಬಸ್ಸು ಹತ್ತಿದರು.

ಭಾರತದಲ್ಲಿ ಅಣುಸ್ಥಾವರದ ಸುತ್ತ 16 ಕಿಲೋಮೀಟರಿನ ತುರ್ತುಯೋಜನಾ ವಲಯವೆಂಬುದೊಂದು ಇದೆ. ಚೀಮೇನಿ ಜಿಲ್ಲೆಯ ತೆಂಕಣ ಮೂಲೆಯಲ್ಲಿರುವುದರಿಂದ ಬಡಗಣ ಮಂಜೇಶ್ವರದ ಕನ್ನಡಿಗರಾದ ನಾವು ಆ ವೃತ್ತದಿಂದ ಹೊರಗೆ, ಅಂದರೆ ನಿಶ್ಚಿಂತರು. 1986ರಲ್ಲಿ ಚೆರ್ನೋಬಿಲ್‌ನ ಧೂಳು ಸಾವಿರ ಕಿಲೋಮೀಟರ್ ಆಚೆಯ ಸ್ವೀಡನ್ನಿನಲ್ಲಿ, ಇನ್ನೊಂದು ಅಣುಸ್ಥಾವರದ ನೌಕರನ ಬೂಟಿನಡಿ ಸಿಕ್ಕಿತ್ತೆಂಬುದು ನಿಜ. ಆದರೆ ಅದು ನಿಯಮ ಓದದ ಧೂಳು. ಇಲ್ಲಿನ ಧೂಳಿಗೆ ಸುತ್ತೋಲೆ ಕಳುಹಿಸಬಹುದು, ರೂಢಿಯಂತೆ ಮಲಯಾಳದಲ್ಲಿ. ಓಡಬೇಕಾಗಿ ಬಂದರೆ ಯಾವ ಕಡೆಗೆ ಎಂಬುದನ್ನೂ ಅದೇ ಸುತ್ತೋಲೆಯಲ್ಲಿ ಕಾಣಿಸಿದರೆ ಒಳ್ಳೆಯದು. ನಮಗೆ ಗೊತ್ತಿರುವುದು ಮಂಗಳೂರಿನ ದಾರಿಯೊಂದೇ. 2020ರ ಮಾರ್ಚಿನಲ್ಲಿ ಕೋವಿಡ್ ಭಯಕ್ಕೆ ಕರ್ನಾಟಕವು ಗಡಿ ರಸ್ತೆಗಳಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದು, ರೋಗಿಗಳಿದ್ದ ಆಂಬುಲೆನ್ಸುಗಳನ್ನು ತಲಪಾಡಿಯಿಂದ ಹಿಂದಕ್ಕೆ ಕಳುಹಿಸಿದ ದಾರಿ.