ಏಪ್ರಿಲ್‌ನಲ್ಲಿ ಹಿಮ ಬಿತ್ತಂತೆ, ಪಾಪ!

ಮಿನಿಯಾಪೊಲಿಸ್, ಡೆನ್ವರ್, ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್, ಶಿಕಾಗೊ. ಈ ಊರುಗಳಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳುತ್ತದೆ ಅನ್ನುವುದು ಅಲ್ಲಿನ ಶಾಲೆ ಮಕ್ಕಳಿಗೆ ಗೊತ್ತು. ರಸ್ತೆಗೆ ಉಪ್ಪು ಎರಚುವ ಲಾರಿ ಡ್ರೈವರ್‌ಗಳಿಗೆ ಗೊತ್ತು. ಯುಗಾದಿ ಕಾರ್ಯಕ್ರಮಕ್ಕೆ ರೇಷ್ಮೆ ಸೀರೆ ಮೇಲೆ ದಪ್ಪ ಜಾಕೆಟ್ ಏರಿಸಿಕೊಂಡು ಹೋಗುವ ನಮ್ಮ ಕನ್ನಡದ ಹೆಣ್ಣುಮಕ್ಕಳಿಗಂತೂ ಚೆನ್ನಾಗಿಯೇ ಗೊತ್ತು. ಗೊತ್ತಿಲ್ಲದಿರುವುದು ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್‌ಗೆ ಮಾತ್ರ. ಮಾರ್ಚ್ ಕೊನೆಯ ವಾರ ಬ್ಯಾಂಡು ಬಾರಿಸಿ ಸೀಸನ್ ಶುರು ಮಾಡುತ್ತಾರೆ. ಹದಿನೈದು ದಿನ ಕಳೆಯುವುದರೊಳಗೆ ಪ್ರಕಟಣೆ ಬರುತ್ತದೆ: ಪ್ರತಿಕೂಲ ಹವಾಮಾನದಿಂದಾಗಿ ಇಂದಿನ ಪಂದ್ಯ ಮುಂದೂಡಲಾಗಿದೆ, ಟಿಕೆಟ್ ಜೋಪಾನವಾಗಿಟ್ಟುಕೊಳ್ಳಿ. ಹಗಲು ಕಂಡ ಬಾವಿಗೆ ಇರುಳು ಬಿದ್ದರು ಅನ್ನುತ್ತಾರಲ್ಲ, ಇವರು ಅದೇ ಬಾವಿಗೆ ಹಗಲೇ ಬೀಳುತ್ತಾರೆ, ಅದೂ ವೇಳಾಪಟ್ಟಿ ಅಚ್ಚು ಹಾಕಿಸಿಕೊಂಡು.

ಹಾಗಂತ ಲೀಗ್‌ನವರಿಗೆ ಚಳಿಯ ಅರಿವೇ ಇಲ್ಲ ಅಂದರೆ ತಪ್ಪಾದೀತು. ನಿಯಮ ಪುಸ್ತಕದಲ್ಲಿ ಚಳಿಗೊಂದು ಅವಕಾಶ ಮಾಡಿದ್ದಾರೆ. ಚೆಂಡಿಗೆ ಎಂಜಲು ಸವರಿ ಎಸೆಯುವ ಚಾಳಿಯನ್ನು 1920ರಲ್ಲಿ ನಿಷೇಧಿಸಿದ ಮೇಲೆ ಪಿಚರ್‌ನ, ಅಂದರೆ ಚೆಂಡು ಎಸೆಯುವವನ, ಬಾಯಿಗೂ ಕೈಗೂ ನಡುವೆ ಪೊಲೀಸ್ ಕಾವಲು. ಎಸೆಯುವ ಜಾಗದ ಸುತ್ತ 18 ಅಡಿಯ ವೃತ್ತದೊಳಗೆ ನಿಂತು ಬೆರಳನ್ನು ಬಾಯಿಗೆ ಮುಟ್ಟಿಸಿದರೆ, ಒರೆಸಿಕೊಳ್ಳದೆ ಚೆಂಡು ಹಿಡಿದರೆ ದಂಡ. ಸರಿ, ಮೈನಸ್ ಎರಡು ಡಿಗ್ರಿಯಲ್ಲಿ ಬೆರಳು ಮರಗಟ್ಟಿದವನು ಏನು ಮಾಡಬೇಕು? ಅದಕ್ಕೂ ದಾರಿ ಇದೆ. ಚಳಿಯಲ್ಲಿ ಆಡುವ ಪಂದ್ಯವಾದರೆ, ಪಂದ್ಯ ಶುರುವಾಗುವ ಮೊದಲೇ ಎರಡೂ ತಂಡದ ಮ್ಯಾನೇಜರ್‌ಗಳು ಒಪ್ಪಿದರೆ, ಪಿಚರ್ ತನ್ನ ಕೈಯನ್ನು ತಾನೇ ಊದಿಕೊಳ್ಳಲು ಅಂಪೈರ್ ಅನುಮತಿ ಕೊಡಬಹುದು. ಕೋಟಿಗಟ್ಟಲೆ ಡಾಲರ್ ಸಂಬಳದ ಒಬ್ಬ ದೊಡ್ಡ ಮನುಷ್ಯ ಉಫ್ ಅನ್ನಬೇಕಾದರೆ ತ್ರಿಪಕ್ಷೀಯ ಒಪ್ಪಂದ ಆಗಬೇಕು! ನಮ್ಮ ತಾಲ್ಲೂಕು ಕಚೇರಿಯವರಿಗೂ ಹೊಳೆಯದ ವ್ಯವಸ್ಥೆ ಇದು. ಅರ್ಜಿ ನಮೂನೆ ಒಂದು ಬಾಕಿ.

ಊದಿಕೊಳ್ಳದಿದ್ದರೆ ಆಗುವುದೇನು? ಚೆಂಡಿನ ತೂಕ 142ರಿಂದ 149 ಗ್ರಾಂ. ಒಳಗೆ ರಬ್ಬರು, ಕಾರ್ಕಿನ ಗುಂಡಿ, ಅದರ ಮೇಲೆ ಉಣ್ಣೆ ದಾರದ ಸುತ್ತು, ಹೊರಗೆ ದನದ ಚರ್ಮ. ಚಳಿಯ ಒಣ ಗಾಳಿಗೆ ಈ ಚರ್ಮ ನುಣ್ಣಗಾಗುತ್ತದೆ, ಬೆರಳಿಗೆ ಬೆವರಿನ ಅಂಟು ಇರುವುದಿಲ್ಲ. ಪಂದ್ಯಕ್ಕೆ ಮುಂಚೆ ನ್ಯೂಜೆರ್ಸಿಯ ಹೊಳೆಮಣ್ಣು ತಿಕ್ಕಿ ಹೊಳಪು ತೆಗೆದಿದ್ದರೂ, ರಾಳದ ಪುಡಿಯ ಚೀಲ ಪಕ್ಕದಲ್ಲೇ ಬಿದ್ದಿದ್ದರೂ, ಹಿಡಿತ ಸಿಗುವುದಿಲ್ಲ. ತಿರುವಿ ಎಸೆದದ್ದು ತಿರುಗದೆ ನೆಟ್ಟಗೆ ಹೋಗುತ್ತದೆ, ನೆಟ್ಟಗೆ ಎಸೆದದ್ದು ಬ್ಯಾಟರ್‌ನ ಪಕ್ಕೆಗೆ ಹೋಗುತ್ತದೆ. ಬ್ಯಾಟರ್‌ನ ಪಾಡೇನೂ ಸುಖವಲ್ಲ. ತಣ್ಣಗಾದ ಚೆಂಡಿಗೆ ಪುಟಿತ ಕಡಿಮೆ, ತಣ್ಣನೆ ಗಾಳಿ ದಟ್ಟ. ಉಷ್ಣಾಂಶ ಐದಾರು ಡಿಗ್ರಿ ಸೆಲ್ಸಿಯಸ್ ಇಳಿದಂತೆಲ್ಲ ಎತ್ತಿ ಹೊಡೆದ ಚೆಂಡು ಸುಮಾರು ಒಂದು ಮೀಟರ್ ಮೊದಲೇ ನೆಲ ಕಾಣುತ್ತದೆ. ಜುಲೈನಲ್ಲಿ ಗೋಡೆ ದಾಟುವ ಹೊಡೆತ ಏಪ್ರಿಲ್‌ನಲ್ಲಿ ಗೋಡೆ ಪಕ್ಕ ಕ್ಯಾಚು. ಬ್ಯಾಟಿನ ಸರಿಯಾದ ಜಾಗ ತಪ್ಪಿ ಹಿಡಿಯ ಹತ್ತಿರ ಬಡಿಯಿತೋ, ಮರದ ಕಂಪನ ಮೊಣಕೈವರೆಗೂ ಜುಮ್ಮೆನ್ನುತ್ತದೆ. ಇಷ್ಟೆಲ್ಲ ಆಗಿ, ಆ ತಿಂಗಳ ಅಂಕಿಅಂಶ ನೋಡಿಕೊಂಡು ಟಿವಿಯಲ್ಲಿ ಕೂತ ತಜ್ಞರು 'ಈತನ ಫಾರ್ಮ್ ಹೋಗಿದೆ' ಎಂದು ಷರಾ ಬರೆಯುತ್ತಾರೆ. ಫಾರ್ಮ್ ಹೋಗಿಲ್ಲ ಸ್ವಾಮಿ, ಬೆರಳು ಹೋಗಿದೆ.

2013ರ ಏಪ್ರಿಲ್ 23ರಂದು ಡೆನ್ವರ್‌ನಲ್ಲಿ ರಾಕೀಸ್ ಮತ್ತು ಅಟ್ಲಾಂಟಾ ಬ್ರೇವ್ಸ್ ಆಡಲಿಳಿದಾಗ ಉಷ್ಣಾಂಶ ಮೈನಸ್ ಐದು ಡಿಗ್ರಿ. ಅದೇ ತಿಂಗಳು ಅಲ್ಲಿ ಕಚೇರಿ ಸಿಬ್ಬಂದಿಯೂ ಸಲಿಕೆ ಹಿಡಿದು ಮೈದಾನಕ್ಕಿಳಿದು ಹಿಮ ಬಾಚಿದ್ದರು. ಶ್ರಮದಾನಕ್ಕೆ ಎಲ್ಲರೂ ಭೇಷ್ ಎಂದರು. ಈ ಪಂದ್ಯವನ್ನು ಇಲ್ಲಿ, ಈಗ ಇಟ್ಟದ್ದು ಯಾರಪ್ಪಾ ಅಂತ ಕೇಳುವವರು ಕಡಿಮೆ.

ಸಲಿಕೆ ಅಂದಮೇಲೆ ಟಾರ್ಪಾಲಿನ ವಿಷಯಕ್ಕೆ ಬರಲೇಬೇಕು. ಒಳಮೈದಾನ ಮುಚ್ಚುವ ಟಾರ್ಪಾಲು ಸುಮಾರು 52 ಮೀಟರ್ ಉದ್ದ, ಅಷ್ಟೇ ಅಗಲ. ಒಣಗಿದ್ದಾಗಲೇ ಅರ್ಧ ಟನ್‌ಗೆ ಮೇಲೆ ತೂಗುತ್ತದೆ, ಎಳೆಯಲು ಹದಿನೈದಿಪ್ಪತ್ತು ಆಳು ಬೇಕು. ಮಳೆಯಾದರೆ ಸರಿ, ಒಂದು ಅಂಚು ಎತ್ತಿದರೆ ನೀರು ಜಾರಿ ಹೋಗುತ್ತದೆ. ಹಿಮ ಜಾರುವುದಿಲ್ಲ. ಹತ್ತು ಸೆಂಟಿಮೀಟರ್ ಹಿಮ ಬಿತ್ತು ಅಂದರೆ ಆ ಟಾರ್ಪಾಲಿನ ಮೇಲೆ 270 ಘನ ಮೀಟರ್ ಕೂತಿದೆ ಎಂದರ್ಥ. ಹಗುರ ಹಿಮವಾದರೂ 25 ಟನ್ ದಾಟುತ್ತದೆ, ಏಪ್ರಿಲ್‌ನ ಒದ್ದೆ ಹಿಮವಾದರೆ ಅದರ ಎರಡರಷ್ಟು. ಎಳೆಯುವ ಮಾತೇ ಇಲ್ಲ, ಎಳೆದರೆ ಹರಿಯುತ್ತದೆ. ಕಬ್ಬಿಣದ ಸಲಿಕೆ ಹಾಕುವಂತಿಲ್ಲ, ತೂತಾಗುತ್ತದೆ. ಪ್ಲಾಸ್ಟಿಕ್ ಅಂಚಿನ ಸಲಿಕೆ, ಎಲೆ ಹಾರಿಸುವ ಬ್ಲೋವರು, ತಳ್ಳುಗಾಡಿ, ಗಂಟೆಗಟ್ಟಲೆ ಕೆಲಸ.

ಇಷ್ಟು ಮಾಡಿ ಟಾರ್ಪಾಲು ಸುತ್ತಿಟ್ಟರೆ ಕೆಳಗೆ ಇನ್ನೊಂದು ರಾಮಾಯಣ. ಓಡುವವನು ಮುಟ್ಟಬೇಕಾದ ಬೇಸ್‌ಗಳ ನಡುವಿನ ದಾರಿ ಮರಳು, ಹೂಳು, ಜೇಡಿ ಬೆರೆಸಿದ ಮಣ್ಣು. ಬಿಸಿಲು ಬಂದರೆ ಮೇಲಿನ ಒಂದೆರಡು ಅಂಗುಲ ಕರಗುತ್ತದೆ, ಕೆಳಗಿನದು ಹೆಪ್ಪುಗಟ್ಟಿಯೇ ಇರುತ್ತದೆ. ಕರಗಿದ ನೀರು ಇಳಿಯಲು ಜಾಗವಿಲ್ಲ, ಮೇಲೆಯೇ ಕೆಸರಾಗಿ ನಿಲ್ಲುತ್ತದೆ. ಸುಟ್ಟ ಜೇಡಿಯ ಹರಳನ್ನು ಚೀಲಗಟ್ಟಲೆ ಸುರಿದು ತೇವ ಹೀರಿಸುತ್ತಾರೆ. ಹೆಚ್ಚು ಸುರಿದರೆ ಮಣ್ಣು ಸಡಿಲವಾಗಿ ಓಡುವವನ ಕಾಲು ಹೊರಳುತ್ತದೆ, ಕಡಿಮೆಯಾದರೆ ಜಾರುತ್ತದೆ. ನಮ್ಮ ಚಿನ್ನಸ್ವಾಮಿ ಮೈದಾನದಲ್ಲಿ 2017ರಿಂದ ನೆಲದಡಿಯ ಕೊಳವೆಗಳು ಮಳೆನೀರನ್ನು ಹೀರುತ್ತವಲ್ಲ, ಅದನ್ನು ಕಂಡು ನಾವು ಬೆರಗಾದೆವು. ಕಲ್ಲಾದ ನೆಲದಲ್ಲಿ ಅದೂ ಏನನ್ನು ಹೀರೀತು? ಡೆನ್ವರ್‌ನ ಕೂರ್ಸ್ ಫೀಲ್ಡ್‌ನಲ್ಲಿ ಹುಲ್ಲಿನಡಿ ಬಿಸಿ ಮಾಡುವ ವ್ಯವಸ್ಥೆಯೇ ಇದೆ. ಹುಲ್ಲು ಬೆಚ್ಚಗಿರುತ್ತದೆ. ಅದರ ಮೇಲೆ ನಿಂತವರ ಬಗ್ಗೆ ಹಾಗೆ ಹೇಳಲಾಗದು.

ಕ್ಲೀವ್‌ಲ್ಯಾಂಡ್‌ನ 2007ರ ಪ್ರಸಂಗ ಎಲ್ಲರಿಗೂ ಗೊತ್ತಿದ್ದದ್ದೇ, ಆದರೂ ಎಷ್ಟು ಸಲ ಮೆಲುಕು ಹಾಕಿದರೂ ಸವೆಯದು. ಏಪ್ರಿಲ್ 6, ತವರಿನ ಮೊದಲ ಪಂದ್ಯ, ಎದುರಾಳಿ ಸಿಯಾಟಲ್. ಹಿಮ ಸುರಿಯುತ್ತಿದೆ, ಬೆನ್ನಿಗೆ ಬ್ಲೋವರು ಕಟ್ಟಿಕೊಂಡವರು ಗೆರೆ ಹುಡುಕುತ್ತಿದ್ದಾರೆ. ಕ್ಲೀವ್‌ಲ್ಯಾಂಡ್ 4-0 ಮುಂದೆ. ಅವರ ಪಿಚರ್ ಪಾಲ್ ಬರ್ಡ್ ಒಂದೇ ಒಂದು ಹಿಟ್ ಕೊಟ್ಟಿಲ್ಲ, ಅಂದರೆ ಹೊಡೆದು ಬೇಸ್ ತಲುಪಲು ಯಾರಿಗೂ ಬಿಟ್ಟಿಲ್ಲ. ತವರು ತಂಡ ಮುಂದಿರುವಾಗ ಎದುರಾಳಿಯ ಐದನೇ ಇನ್ನಿಂಗ್ಸ್ ಮುಗಿದರೆ ಪಂದ್ಯ ಅಧಿಕೃತ, ಇಲ್ಲವಾದರೆ ಆಗಿನ ನಿಯಮದಲ್ಲಿ ಎಲ್ಲ ಅಳಿಸಿ ಮೊದಲಿಂದ ಆಡಬೇಕು. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ಬೇಕಾದದ್ದು ಇನ್ನೊಂದೇ ಸ್ಟ್ರೈಕ್. ಆಗ ಸಿಯಾಟಲ್ ಮ್ಯಾನೇಜರ್ ಮೈಕ್ ಹಾರ್ಗ್ರೋವ್ ಹೊರಗೆ ಬಂದರು: ಹಿಮದಲ್ಲಿ ನಮ್ಮ ಹುಡುಗನಿಗೆ ಚೆಂಡು ಕಾಣುತ್ತಿಲ್ಲ. ಹಾರ್ಗ್ರೋವ್ ತೊಂಬತ್ತರ ದಶಕದಲ್ಲಿ ಕ್ಲೀವ್‌ಲ್ಯಾಂಡ್‌ನದೇ ಮ್ಯಾನೇಜರ್ ಆಗಿದ್ದವರು. ಆ ಊರಿನ ಏಪ್ರಿಲ್ ಅವರಿಗೆ ಅಂಗೈಗೆರೆಯಷ್ಟು ಪರಿಚಿತ. ಅಂಪೈರ್ ಪಂದ್ಯ ನಿಲ್ಲಿಸಿದರು, ಅದು ಮತ್ತೆ ಶುರುವಾಗಲಿಲ್ಲ. ಒಂದು ಸ್ಟ್ರೈಕಿಗೆ ಬರ್ಡ್ ಮಾಡಿದ್ದೆಲ್ಲ ಹೋಮ. ನಾಲ್ಕು ಪಂದ್ಯದ ಇಡೀ ಸರಣಿಯೇ ಹಿಮದ ಪಾಲು. ಮುಂದಿನ ಸರಣಿಯನ್ನು ಎತ್ತಿಕೊಂಡು ಮಿಲ್ವಾಕೀಗೆ ಹೋದರು, ಅಲ್ಲಿ ಮುಚ್ಚುವ ಸೂರು ಇದೆಯಲ್ಲ, ಹತ್ತು ಡಾಲರ್‌ಗೆ ಟಿಕೆಟ್ ಮಾರಿ ಆಡಿದರು. ಸಿಯಾಟಲ್‌ನವರು ಅಳಿದುಳಿದ ಪಂದ್ಯಕ್ಕಾಗಿ ಬಿಡುವಿನ ದಿನಗಳಲ್ಲಿ ದೇಶದ ಆ ತುದಿಯಿಂದ ಬಂದು ಹೋದರು. ಒಂದನ್ನಂತೂ ಸೆಪ್ಟೆಂಬರ್‌ನಲ್ಲಿ ಸಿಯಾಟಲ್‌ನಲ್ಲೇ ಆಡಿ, ಕಾಗದದ ಮೇಲೆ ಕ್ಲೀವ್‌ಲ್ಯಾಂಡ್ ಆತಿಥೇಯ ಎಂದು ಬರೆದುಕೊಂಡರು. ಅಳಿಯನ ಮನೆಯಲ್ಲಿ ಮಾವ ಆತಿಥ್ಯ ಕೊಟ್ಟಂತಾಯಿತು.

ಪಾಠ ಕಲಿತರು ಅಂದುಕೊಂಡಿರಾ? ಕಲಿತರು. 2017ರಿಂದ 2021ರ ಕಾರ್ಮಿಕ ಒಪ್ಪಂದದಲ್ಲಿ ಆಟಗಾರರ ಸಂಘ, 162 ಪಂದ್ಯಕ್ಕೆ ದೇಹ ತಡೆಯುವುದಿಲ್ಲ, ಬಿಡುವಿನ ದಿನ ಹೆಚ್ಚು ಬೇಕು ಎಂದಿತು. ನ್ಯಾಯವಾದ ಬೇಡಿಕೆ. ಮಾಲೀಕರು ಪಂದ್ಯ ಕಡಿಮೆ ಮಾಡಲಿಲ್ಲ, ಪಂದ್ಯ ಅಂದರೆ ಗಲ್ಲಾಪೆಟ್ಟಿಗೆ. 183 ದಿನದ ಸೀಸನ್ನನ್ನು 187ಕ್ಕೆ ಎಳೆದರು. ಆ ನಾಲ್ಕು ದಿನ ಎಲ್ಲಿಂದ ಬರಬೇಕು? ಅಕ್ಟೋಬರ್ ಪ್ಲೇಆಫ್‌ಗೆ ಮೀಸಲು, ಟಿವಿ ಹಣ ಇರುವುದೇ ಅಲ್ಲಿ. ಹಾಗಾಗಿ 2018ರ ಸೀಸನ್ ಮಾರ್ಚ್ 29ಕ್ಕೇ ಶುರು. ಆ ಏಪ್ರಿಲ್‌ನಲ್ಲಿ ಮಿನಿಯಾಪೊಲಿಸ್‌ನಲ್ಲಿ ಶಿಕಾಗೊದ ವೈಟ್ ಸಾಕ್ಸ್ ಎದುರಿನ ಸರಣಿಯಲ್ಲಿ ಶುಕ್ರ, ಶನಿ, ಭಾನು ಮೂರೂ ದಿನ ಹಿಮಗಾಳಿ, ಆಟವಿಲ್ಲ. ಮುಂದೂಡಿದ ಪಂದ್ಯಗಳನ್ನು ಆಮೇಲೆ ಎಲ್ಲಿ ತುರುಕಿದರು? ಬಿಡುವಿನ ದಿನದಲ್ಲಿ, ಇಲ್ಲವೇ ಒಂದೇ ದಿನಕ್ಕೆ ಎರಡೆರಡಾಗಿ. ವಿಶ್ರಾಂತಿಗೆಂದು ದಿನ ಸೇರಿಸಿ, ಸೇರಿಸಿದ್ದರಿಂದ ಚಳಿಗೆ ಸಿಕ್ಕಿ, ಚಳಿಯಿಂದಾಗಿ ಆ ವಿಶ್ರಾಂತಿಯನ್ನೇ ತಿಂದು ತೇಗಿದರು. ಬಡ್ಡಿ ಸಮೇತ ಲೆಕ್ಕ ಚುಕ್ತಾ. ಆ ಮೂರು ದಿನ ಸುಮ್ಮನೆ ಕೂತ ಮಿನೆಸೋಟ ತಂಡ (ಮಿನಿಯಾಪೊಲಿಸ್‌ನ ತವರು ತಂಡ) ಅಲ್ಲಿಂದ ನೇರ ಪೋರ್ಟೊರಿಕೊದ ಸ್ಯಾನ್ ಹ್ವಾನ್‌ಗೆ ಹಾರಿ, ಅಲ್ಲಿನ ಸೆಖೆಯಲ್ಲಿ ಕ್ಲೀವ್‌ಲ್ಯಾಂಡ್ ಜತೆ ಒಂದು ಪಂದ್ಯವನ್ನು 16 ಇನ್ನಿಂಗ್ಸ್ ಆಡಿತು. ಸ್ನಾಯುಗಳಿಗೆ ಏನನ್ನಿಸಿರಬೇಕು!

ಸೂರು ಹಾಕಿಸಿ ಅಂತೀರಾ? ಮಿನಿಯಾಪೊಲಿಸ್‌ನಲ್ಲಿ ಸೂರು ಇತ್ತು ಸ್ವಾಮಿ. 1982ರಿಂದ 2009ರವರೆಗೆ ಆ ತಂಡ ಆಡಿದ್ದು ಮೆಟ್ರೊಡೋಮ್ ಒಳಗೆ. ಆಮೇಲೆ ಐನೂರು ಮಿಲಿಯನ್ ಡಾಲರ್‌ಗೂ ಮಿಕ್ಕಿ ಸುರಿದು, ಅದರಲ್ಲಿ ಜನರ ತೆರಿಗೆ ಹಣವನ್ನೂ ಸೇರಿಸಿ, ಹೊಸ ಕ್ರೀಡಾಂಗಣ ಕಟ್ಟಿದರು. ಸೂರಿಲ್ಲದ್ದು! ನೀಲಿ ಆಕಾಶದಡಿ ಬೇಸ್‌ಬಾಲ್ ನೋಡುವ ಸೊಬಗೇ ಬೇರೆ ಎಂದರು. ಜುಲೈನಲ್ಲಿ ಖಂಡಿತ ಬೇರೆ.

ಸೂರು ಇದ್ದವರದ್ದೂ ಕಥೆಯೇ. ಅದೇ 2018ರ ಏಪ್ರಿಲ್ 16ರಂದು ಟೊರಾಂಟೊದಲ್ಲಿ ಪಕ್ಕದ ಸಿಎನ್ ಟವರ್ ಮೇಲಿಂದ ಮಂಜುಗಡ್ಡೆ ಬಿದ್ದು ರೋಜರ್ಸ್ ಸೆಂಟರ್‌ನ ಚಾವಣಿ ತೂತಾಗಿ, ಸೂರಿನ ಕೆಳಗಿನ ಪಂದ್ಯವೂ ಮುಂದಕ್ಕೆ. ಆ ಊರಿಗೆ ಬೇಸ್‌ಬಾಲ್ ಬಂದದ್ದೇ ಹಾಗೆ. 1977ರ ಏಪ್ರಿಲ್ 7, ಬ್ಲೂ ಜೇಸ್‌ನ ಅಂದರೆ ಟೊರಾಂಟೊ ತಂಡದ, ಮೊಟ್ಟಮೊದಲ ಪಂದ್ಯ, ಮೈದಾನದ ತುಂಬ ಹಿಮ. ಐಸ್ ಹಾಕಿ ಅಂಗಣದಿಂದ ಮಂಜುಗಡ್ಡೆ ನೆಲ ನಯಮಾಡುವ ಜಾಂಬೋನಿ ಯಂತ್ರ ಎರವಲು ತಂದು ಬಾಚಿದರು. ಎದುರು ತಂಡದ ಜಾಕ್ ಬ್ರೊಹೇಮರ್ ಕಣಕಾಲಿನ ಕವಚಗಳನ್ನು ಪಾದಕ್ಕೆ ಕಟ್ಟಿಕೊಂಡು ಕೈಯಲ್ಲಿ ಬ್ಯಾಟು ಊರಿಕೊಂಡು ಸ್ಕೀ ಆಡಿ ತೋರಿಸಿದ. ಇಡೀ ವ್ಯವಹಾರದಲ್ಲಿ ಹವಾಮಾನಕ್ಕೆ ತಕ್ಕ ಆಟ ಆಡಿದವನು ಆತ ಒಬ್ಬನೇ.

ಕ್ರಿಕೆಟ್‌ನವರು ನಗಬೇಡಿ. 1975ರ ಜೂನ್ 2ರಂದು ಇಂಗ್ಲೆಂಡಿನ ಬಕ್ಸ್‌ಟನ್‌ನಲ್ಲಿ ಡರ್ಬಿಶೈರ್-ಲ್ಯಾಂಕಶೈರ್ ಪಂದ್ಯ ಹಿಮ ಬಿದ್ದೇ ನಿಂತದ್ದು. ಆದರೆ ಅದು ಜೂನ್. ಜೂನ್‌ನಲ್ಲಿ ಹಿಮ ಬಿದ್ದರೆ ಆಶ್ಚರ್ಯಪಡುವ ಹಕ್ಕು ಮನುಷ್ಯನಿಗಿದೆ.

ಮೊದಲ ಎರಡು ವಾರ ಬಿಸಿಲಿನ ಊರುಗಳಲ್ಲಿ, ಸೂರಿರುವ ಕಡೆಗಳಲ್ಲಿ ಆಡಿಸಿ ಎಂಬ ಸಲಹೆ ಹಳೆಯದು. ದಿನಕ್ಕೆ ಹದಿನೈದು ಪಂದ್ಯ, ಹದಿನೈದು ಮೈದಾನ ಬೇಕು. ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ, ಫೀನಿಕ್ಸ್, ಹ್ಯೂಸ್ಟನ್, ಮಯಾಮಿ, ಅಟ್ಲಾಂಟಾ ಎಂದು ಎಣಿಸುತ್ತ ಹೋದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಒಪ್ಪುವವರಾರು? ಏಪ್ರಿಲ್‌ನಲ್ಲಿ ಶಾಲೆ ಇರುತ್ತದೆ, ಜನ ಕಡಿಮೆ. ಆ ಸಪ್ಪೆ ದಿನಗಳೆಲ್ಲ ನಮಗೆ, ಜುಲೈನ ತುಂಬಿದ ಗ್ಯಾಲರಿ ಚಳಿಯೂರಿನವರಿಗೆ, ಅದು ಹೇಗೆ ಅಂತ ಬಿಸಿಲೂರಿನ ಮಾಲೀಕ ಕೇಳುತ್ತಾನೆ. ತಿಂಗಳೊಪ್ಪತ್ತು ತವರಿನಿಂದ ಹೊರಗೆ ಅಲೆಯಲು ಚಳಿಯೂರಿನವನೂ ತಯಾರಿಲ್ಲ. ಹಾಗಾಗಿ ತವರಿನ ಮೊದಲ ಪಂದ್ಯದ ಮಾರನೆ ದಿನ ಖಾಲಿ ಬಿಡುತ್ತಾರೆ, ಹಿಮ ಬಿದ್ದರೆ ಅಂದು ಆಡಲೆಂದು. ಅಂದರೆ ಬೀಳುತ್ತದೆ ಅಂತ ಗೊತ್ತು. ವೇಳಾಪಟ್ಟಿಯಲ್ಲೇ ಜಾಗ ಬಿಟ್ಟಿದ್ದಾರೆ. ಪ್ರಕಟಣೆಯಲ್ಲಿ ಮಾತ್ರ ಆಕಾಶದ ಮೇಲೆ ಗೂಬೆ.

ನಗು ಇಷ್ಟಕ್ಕೇ ಸಾಕು. ಪಂದ್ಯ ಮುಂದೂಡಿದರೆ ನಷ್ಟ ಯಾರಿಗೆ ಅನ್ನುವುದನ್ನು ಯಾವ ಪ್ರಕಟಣೆಯೂ ಹೇಳುವುದಿಲ್ಲ. ಟಿಕೆಟ್ ಹಣ ಸಾಮಾನ್ಯವಾಗಿ ವಾಪಸಿಲ್ಲ, ಮರುಪಂದ್ಯಕ್ಕೆ ಬನ್ನಿ. ಅದು ವಾರದ ನಡುವೆ, ಮಧ್ಯಾಹ್ನ ಒಂದು ಗಂಟೆಗೆ. ಇನ್ನೂರು ಮೈಲಿ ದೂರದಿಂದ ಮಕ್ಕಳನ್ನು ಕರೆದುಕೊಂಡು ಬಂದವರ ಪೆಟ್ರೋಲು, ಹೋಟೆಲ್ ಬಾಡಿಗೆ ಅವರ ಹಣೆಬರಹ. ಒಂದೇ ದಿನ ಎರಡು ಪಂದ್ಯ ಆಡಿಸುವಾಗಲೂ ಹಳೆಯ ಪದ್ಧತಿಯಂತೆ ಒಂದೇ ಟಿಕೆಟ್ಟಿಗೆ ಎರಡನ್ನೂ ತೋರಿಸುವುದಕ್ಕೆ ಮನಸ್ಸಿಲ್ಲ. ಮಧ್ಯಾಹ್ನದ್ದು ಮುಗಿಸಿ, ಗ್ಯಾಲರಿ ಖಾಲಿ ಮಾಡಿಸಿ, ಸಂಜೆಗೆ ಬೇರೆ ಟಿಕೆಟ್. ಕಡಲೆಕಾಯಿ, ಬಿಯರ್ ಹೊತ್ತು ಮೆಟ್ಟಿಲು ಹತ್ತಿ ಇಳಿಯುವವರದ್ದು ಬಹುತೇಕ ಕಡೆ ಮಾರಿದ್ದಕ್ಕಷ್ಟೇ ಕಮಿಷನ್. ಪಂದ್ಯ ಇಲ್ಲದಿದ್ದರೆ ಆ ದಿನ ಗಳಿಕೆ ಸೊನ್ನೆ, ಪಂದ್ಯ ನಡೆದರೂ ಮೈನಸ್ ಡಿಗ್ರಿಯಲ್ಲಿ ತಣ್ಣನೆ ಬಿಯರ್ ಕೊಳ್ಳುವ ಹುಚ್ಚ ಯಾರು? ಬೆಳಗಿನ ಜಾವ ಎದ್ದು 25 ಟನ್ ಹಿಮ ಬಾಚಿದವರಿಗೆ ಸಂಜೆ ಆರಕ್ಕೆ 'ಇವತ್ತು ಬೇಡ' ಎನ್ನುತ್ತಾರೆ. ಇದನ್ನು ಪ್ರತಿ ವರ್ಷ ಮಾಡುತ್ತಾರೆ. ಪ್ರತಿ ವರ್ಷ.

ಇನ್ನು ಪ್ರೇಕ್ಷಕರ ತಾಳ್ಮೆ. 1907ರ ಏಪ್ರಿಲ್ 11ರಂದು ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ಜೈಂಟ್ಸ್ ತಂಡ ಫಿಲಡೆಲ್ಫಿಯಾ ಎದುರು ಸೀಸನ್ ಆರಂಭಿಸಿತು. ಬಿದ್ದಿದ್ದ ಹಿಮವನ್ನು ಬಾಚಿ ಅಂಚಿಗೆ, ಅಂದರೆ ಸರಿಯಾಗಿ ಪ್ರೇಕ್ಷಕರ ಕೈಗೆಟುಕುವ ಕಡೆ, ಗುಡ್ಡೆ ಹಾಕಿದ್ದರು. ತವರು ತಂಡ ಸೋಲುತ್ತಿತ್ತು, ಚಳಿ ಕೊರೆಯುತ್ತಿತ್ತು, ಪೊಲೀಸರು ಇರಲಿಲ್ಲ. ಜನ ಹಿಮದುಂಡೆ ಕಟ್ಟಿ ಮೈದಾನದೊಳಕ್ಕೆ ಬೀಸತೊಡಗಿದರು. ಕೊನೆಗೆ ಅಂಪೈರ್ ಬಿಲ್ ಕ್ಲೆಮ್ ಪಂದ್ಯವನ್ನು ಫಿಲಡೆಲ್ಫಿಯಾಕ್ಕೆ ಬರೆದುಕೊಟ್ಟು ನಡೆದರು. ಈಗ ಗೇಟಿನಲ್ಲಿ ಚೀಲ ತಪಾಸಣೆ, ಮೂಲೆಮೂಲೆಗೆ ಕ್ಯಾಮೆರಾ. ಅದೂ ಅಲ್ಲದೆ ಹಿಮದುಂಡೆ ತಲುಪಬೇಕಾದವರು ಕೂರುವುದು ಗಾಜು ಹಾಕಿದ, ಹೀಟರ್ ಇರುವ ಮೇಲಿನ ಕೋಣೆಯಲ್ಲಿ.