ಜೊಲ್ಲಿನ ಪರೀಕ್ಷೆ ನಮ್ಮೂರಲ್ಲೇ ಪಳಗಲಿ

ಎಲೆ ಅಡಿಕೆ ಜಗಿಯುವವರು ಇಷ್ಟೊಂದು ಜನ ಇರುವ ಮಂಗಳೂರಿನಲ್ಲಿ ಜೊಲ್ಲಿನಿಂದ ಕಾಯಿಲೆ ಪತ್ತೆ ಮಾಡುವ ಸಂಶೋಧನೆಗೆ ದೊಡ್ಡ ಒತ್ತು ಸಿಗಲೇಬೇಕು.

ಜೊಲ್ಲಿನಲ್ಲಿ ಶೇ. 99 ನೀರೇ. ಉಳಿದ ಚೂರಿನಲ್ಲಿ ಹಾರ್ಮೋನು, ಪ್ರೋಟೀನು, ಪ್ರತಿಕಾಯ ಎಲ್ಲ ಉಂಟು. ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಮೈಯಲ್ಲಿ ಅತಿಯಾಗುವ ಕುಶಿಂಗ್ ಕಾಯಿಲೆಯನ್ನೇ ನೋಡಿ. ಕಾರ್ಟಿಸೋಲ್ ನಡುರಾತ್ರಿಯ ಹೊತ್ತಿಗೆ ತೀರಾ ಇಳಿದಿರಬೇಕು, ಈ ಕಾಯಿಲೆಯವರಲ್ಲಿ ಇಳಿಯುವುದಿಲ್ಲ. ಆ ಹೊತ್ತಲ್ಲಿ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದರೆ ಹೆದರಿಕೆಗೇ ಅದು ಏರಬಹುದು. ಅದಕ್ಕೇ ಮಲಗುವ ಮೊದಲು ಮನೆಯಲ್ಲೇ ಹತ್ತಿಯ ಉಂಡೆ ಬಾಯಲ್ಲಿಟ್ಟು ಜಗಿದು, ಕೊಳವೆಗೆ ಹಾಕಿ ಲ್ಯಾಬಿಗೆ ಕೊಡುವ ಕ್ರಮ ಬಂದದ್ದು.

ನನ್ನ ಅತ್ತೆಗೆ ಎಂಬತ್ತು ದಾಟಿದೆ. ಲ್ಯಾಬಿನ ಹುಡುಗಿ ರಬ್ಬರ್ ಪಟ್ಟಿ ಬಿಗಿದು, ತೋಳು ತಟ್ಟಿ ತಟ್ಟಿ, "ನರ ಸಿಗ್ತಾ ಇಲ್ಲ ಅಜ್ಜಿ, ಮುಷ್ಟಿ ಗಟ್ಟಿ ಹಿಡೀರಿ" ಅನ್ನುತ್ತಾಳೆ. ಕೊನೆಗೆ ಅಂಗೈ ಹಿಂಭಾಗದಿಂದ ರಕ್ತ ತೆಗೆಯುವುದು. ಆ ನೀಲಿ ಕಲೆ ನೋಡುವಾಗ ಸಂಕಟ ಆಗುತ್ತದೆ. ಹಾಗಂತ ಶುಗರ್ ಇದ್ದವರು ಬೆರಳು ಚುಚ್ಚುವುದು ಬಿಟ್ಟು ಜೊಲ್ಲನ್ನು ನಂಬುವ ಕಾಲ ಬಂದಿಲ್ಲ ಮಾರಾಯ್ರೆ. ಅಮೆರಿಕದಲ್ಲಿ 2012ರಲ್ಲಿ ಮನೆಬಳಕೆಗೆ ಒಪ್ಪಿಗೆ ಪಡೆದ ಎಚ್‌ಐವಿ ಕಿಟ್‌ನಲ್ಲೂ, ವಸಡು ಒರೆಸಿ ನೋಡುವಾಗ, ಸೋಂಕಿರುವ 12 ಜನರಲ್ಲಿ ಒಬ್ಬರಿಗೆ 'ಇಲ್ಲ' ಎಂದು ಬರಬಹುದು.

ನನಗೆ ಮುಖ್ಯ ಬಾಯಿಯ ಕ್ಯಾನ್ಸರ್. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಡಿಕೆಯಿಂದಲೇ ಬದುಕುವ ಜಿಲ್ಲೆಗೆ ಇದು ಕಹಿ ಮಾತು, ಆದರೂ ಆಡಲೇಬೇಕು. ಈ ಕ್ಯಾನ್ಸರ್ ಇದ್ದವರ ಜೊಲ್ಲಿನಲ್ಲಿ ಇಂಟರ್‌ಲ್ಯೂಕಿನ್-8 ಎಂಬ ಪ್ರೋಟೀನು ಏರಿದ್ದು ಕಂಡುಬಂದಿದೆ. ತೊಡಕೆಂದರೆ, ವಸಡಿನ ಉರಿಯೂತಕ್ಕೂ ಅದು ಏರುತ್ತದೆ. ಜಗಿಯುವವರಲ್ಲಿ ಎಷ್ಟು ಮಂದಿಯ ವಸಡು ಸರಿ ಇರುತ್ತದೆ? ಬೇರೆ ಊರಿನ, ಜಗಿಯದ ಬಾಯಿಗಳ ಲೆಕ್ಕದಲ್ಲಿ 'ಇಷ್ಟು ದಾಟಿದರೆ ಕಾಯಿಲೆ' ಎಂದು ಗೆರೆ ಎಳೆದು ತಂದರೆ ನಮ್ಮವರಿಗೆ ಸುಮ್ಮನೆ ಗಾಬರಿ, ಇಲ್ಲವೇ ಸುಳ್ಳು ಸಮಾಧಾನ.

ಮಂಗಳೂರು, ದೇರಳಕಟ್ಟೆ, ಮಣಿಪಾಲದಲ್ಲಿ ದಂತ ಕಾಲೇಜುಗಳಿವೆ. ಅವರ ಶಿಬಿರಗಳಲ್ಲಿ ಒಪ್ಪಿಗೆ ಪಡೆದು ಜೊಲ್ಲಿನ ಮಾದರಿಯನ್ನೂ ತೆಗೆದಿಡಲಿ, ಯಾರು ಏನು ಜಗಿಯುತ್ತಾರೆ, ವಸಡು ಹೇಗಿದೆ ಎಂದು ಬರೆದಿಡಲಿ, ಅದೇ ಜನರನ್ನು ವರ್ಷಗಟ್ಟಲೆ ನೋಡುತ್ತಿರಲಿ. ಆಗಷ್ಟೇ ನಮ್ಮ ಬಾಯಿಗೆ ಒಪ್ಪುವ ಪರೀಕ್ಷೆ ಸಿಕ್ಕೀತು.

ಅಲ್ಲಿಯವರೆಗೆ ಟಾರ್ಚ್ ಹಾಕಿ ನೋಡುವ ವೈದ್ಯರ ಕಣ್ಣು, ಸಂಶಯ ಬಂದರೆ ಬಯಾಪ್ಸಿ. ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ, ಹುಣ್ಣು ಎರಡು ವಾರ ಕಳೆದರೂ ಮಾಯದಿದ್ದರೆ, ದಯವಿಟ್ಟು ಹೋಗಿ ತೋರಿಸಿ.